ಸಾಲಿನಿಂದ ಸಾಲಿಗೆ ದಾಟಿದ ಅಧ್ಯಾಯ

ನವೆಂಬರ್ ತಿಂಗಳ ಕೊನೆಯ ಶನಿವಾರ, ಸಂಜೆ ನಾಲ್ಕು ಗಂಟೆ. ದೇವಾಲಯದಲ್ಲಿ ಇದ್ದವರು ಇಬ್ಬರೇ. ಪೀಠದ ಹಿಂದಿನ ಬೀರುವಿನ ಮುಂದೆ ನಾನು, ಬಾಗಿಲ ಬಳಿ ಪೊರಕೆ ಹಿಡಿದ ಎಸ್ತರಮ್ಮ. ಮಾರನೆಯ ದಿನದ ಓದಿಗೆ ಗುರುತು ಇಡೋಣವೆಂದು ದೊಡ್ಡ ಸತ್ಯವೇದವನ್ನು ತೆಗೆದು, ಅದರ ಕೊನೆಯ ಪುಸ್ತಕವಾದ ಪ್ರಕಟನೆಯ ಐದನೇ ಅಧ್ಯಾಯವನ್ನು ಬಿಡಿಸಿದೆ. ಪುಟದಿಂದ ಹುಳಿ ಬಂದ ಕಾಫಿ ಸಿಪ್ಪೆಯ ವಾಸನೆ ಎದ್ದಿತು. ನಾಲ್ಕು ವರ್ಷವಾದರೂ ಹೋಗಿಲ್ಲ. ಆ ಎರಡು ಪುಟಗಳ ಅಂಚು ಕಂದಾಗಿ, ಅಲೆಅಲೆಯಾಗಿ ಸುಕ್ಕುಗಟ್ಟಿದೆ.

“ಕಮಿಟಿಯವರು ಹೊಸದು ತರಿಸೋಣ ಅಂತಿದ್ದಾರಲ್ಲ ಸಿಸ್ಟರಮ್ಮ,” ಎಂದರು ಎಸ್ತರಮ್ಮ.

“ತರಿಸಲಿ. ಇದು ಇಲ್ಲೇ ಇರುತ್ತೆ.”

“ನಾನೂ ಅದನ್ನೇ ಹೇಳ್ದೆ. ಅಂಗಡಿ ವಾಸನೆ ಬರೋ ಪುಸ್ತಕ ನಮಗ್ಯಾಕೆ ಅಂತ.”

ಪುಟಗಳಿಗೆ ಈ ಕಲೆ ಹತ್ತಿದ ವರ್ಷದ ಸಂಗತಿಯನ್ನು ಕ್ರಮವಾಗಿ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಾನು ನರ್ಸ್. ಮಿಷನ್ ಆಸ್ಪತ್ರೆಯೊಂದರಲ್ಲಿ ಕಲಿತವಳು. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಗಂಟೆ ಹೊಡೆಯುತ್ತಿತ್ತು. ಐದಕ್ಕೆ ಹಾಸಿಗೆ ಮಡಿಸಿರಬೇಕು, ಐದೂವರೆಗೆ ಪ್ರಾರ್ಥನೆ, ಆರಕ್ಕೆ ವಾರ್ಡು. ಆಮೇಲೆ ಪೊನ್ನಂಪೇಟೆಗೆ ಹತ್ತಿರದ ಈ ತೋಟದ ಡಿಸ್ಪೆನ್ಸರಿಗೆ ಬಂದು ಇಲ್ಲೇ ನಿವೃತ್ತಳಾದೆ. ಗಂಟೆ ಹೊಡೆಯುವವರು ಯಾರೂ ಇಲ್ಲದಿದ್ದರೂ ಇಂದಿಗೂ ನಾಲ್ಕೂಮುಕ್ಕಾಲಿಗೆ ಏಳುತ್ತೇನೆ. ತೋಟದ ಅಂಚಿನಲ್ಲಿರುವ ಈ ಚಿಕ್ಕ ದೇವಾಲಯಕ್ಕೆ ಸಭಾಪಾಲಕರು ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ಭಾನುವಾರಗಳ ಜವಾಬ್ದಾರಿ ಸಭೆಯ ಹಿರಿಯರದು, ಅಂದರೆ ಬಹುಮಟ್ಟಿಗೆ ನನ್ನದು. ಯಾರು ಓದಬೇಕು, ಯಾವ ಹಾಡು, ಎಷ್ಟು ಹೊತ್ತಿಗೆ ಮುಗಿಯಬೇಕು ಎಂಬುದನ್ನೆಲ್ಲ ಶನಿವಾರವೇ ಬರೆದು ಬಾಗಿಲಿಗೆ ಅಂಟಿಸುತ್ತೇನೆ.

ಸಭೆಯಲ್ಲಿ ಸುಮಾರು ನಲವತ್ತು ಜನ. ತೋಟದ ಕೂಲಿಯವರ ಲೈನ್ ಮನೆಗಳ ತಮಿಳರು, ಕುಟ್ಟದ ಕಡೆಯಿಂದ ಬಂದು ನೆಲೆಸಿದ ಮಲಯಾಳಿಗಳು, ಅರೆಭಾಷೆಯ ಒಂದು ಮನೆ, ಕನ್ನಡದ್ದು ನನ್ನ ಮನೆ. ಆರಾಧನೆ ಮಾತ್ರ ಕನ್ನಡದಲ್ಲಿ. ಭಾಷೆ ಬೆರೆಸಬಾರದು ಎಂಬುದು ನಾನು ಮಾಡಿದ ನಿಯಮ. ಬೆರೆಸಿದರೆ ಯಾರ ಹಾಡು ಮೊದಲು ಎಂಬ ಜಗಳ ಶುರುವಾಗುತ್ತದೆ. ಅದನ್ನು ಒಮ್ಮೆ ಕಂಡಿದ್ದೇನೆ, ಸಾಕು.

ಸಭಾವರ್ಷದ ಕೊನೆಯ ಭಾನುವಾರ ಪ್ರಕಟನೆಯ ನಾಲ್ಕು ಮತ್ತು ಐದನೇ ಅಧ್ಯಾಯಗಳನ್ನು ಓದುವ ರೂಢಿ ನಾನು ಬರುವ ಮೊದಲಿನಿಂದಲೂ ಇಲ್ಲಿದೆ. ಅರೇಬಿಕಾ ಕೊಯ್ಲು ಆಗಷ್ಟೇ ಶುರುವಾಗಿರುತ್ತದೆ. ನಾಲ್ಕನೆಯದರಲ್ಲಿ ಪರಲೋಕದ ಸಿಂಹಾಸನ ಕಾಣುತ್ತದೆ. ಅದರ ಸುತ್ತ ಹಗಲಿರುಳು ಬಿಡುವಿಲ್ಲದೆ ಸ್ತುತಿಸುವ ನಾಲ್ಕು ಜೀವಿಗಳು, ಆಚೆ ಇಪ್ಪತ್ತನಾಲ್ಕು ಹಿರಿಯರು. ಆ ಹಿರಿಯರು ತಮ್ಮ ಕಿರೀಟಗಳನ್ನು ತೆಗೆದು ಸಿಂಹಾಸನದ ಮುಂದೆ ಹಾಕಿಬಿಡುತ್ತಾರೆ. ಆ ಮಾತು ಬಂದ ಕೂಡಲೇ ನಮ್ಮವರು ಎದ್ದು ಬಂದು, ಕೊಯ್ಲಿಗೆ ಹೋಗುವಾಗ ತಲೆಗೆ ಸುತ್ತುವ ಟವೆಲನ್ನು ಪೀಠದ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಎತ್ತಿಕೊಂಡು ಹೋಗುತ್ತಾರೆ. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ನಮ್ಮಲ್ಲಿ ಕಿರೀಟ ಅಂತ ಇರುವುದು ಅದೊಂದೇ.

ಐದನೆಯದರಲ್ಲಿ ಸಿಂಹಾಸನದ ಮೇಲೆ ಕೂತವನ ಕೈಯಲ್ಲಿ ಏಳು ಮುದ್ರೆ ಒತ್ತಿದ ಸುರುಳಿಯಿದೆ. ಅದನ್ನು ಬಿಡಿಸಲು ಯಾರು ಯೋಗ್ಯರು ಎಂದು ದೂತನೊಬ್ಬ ಕೂಗುತ್ತಾನೆ. ಆಕಾಶದಲ್ಲಿ, ಭೂಮಿಯ ಮೇಲೆ, ಭೂಮಿಯ ಕೆಳಗೆ, ಎಲ್ಲಿಯೂ ಒಬ್ಬರೂ ಸಿಗುವುದಿಲ್ಲ. ದರ್ಶನ ಕಾಣುತ್ತಿದ್ದ ಯೋಹಾನ ಬಹಳ ಅಳುತ್ತಾನೆ. ಆಗ ಹಿರಿಯರಲ್ಲಿ ಒಬ್ಬನು ಅಳಬೇಡ, ಯೂದ ಕುಲದ ಸಿಂಹ ಗೆದ್ದಿದ್ದಾನೆ ಎನ್ನುತ್ತಾನೆ. ತಿರುಗಿ ನೋಡಿದರೆ ನಿಂತಿರುವುದು ಒಂದು ಕುರಿಮರಿ. ಅದರ ಮೈಮೇಲೆ ವಧೆಯ ಗುರುತು ಹಾಗೆಯೇ ಇದೆ. ಆ ಕುರಿಮರಿಯೇ ಕ್ರಿಸ್ತ. ಆತ ಹೋಗಿ ಸುರುಳಿಯನ್ನು ತೆಗೆದುಕೊಂಡಾಗ ಹಾಡು ಶುರುವಾಗುತ್ತದೆ. ಮೊದಲು ಹತ್ತಿರದ ಜೀವಿಗಳು ಮತ್ತು ಹಿರಿಯರು, ಅವರ ಆಚೆ ಎಣಿಕೆಗೆ ಸಿಗದ ದೂತರು, ಕೊನೆಗೆ ನೆಲದ ಮೇಲೆ ಮತ್ತು ಸಮುದ್ರದಲ್ಲಿ ಉಸಿರಾಡುವ ಸಮಸ್ತವೂ.

ನನ್ನ ಕಸುಬಿನವಳಿಗೆ ಇದು ಓದಿದಷ್ಟೂ ಬೆರಗು. ಗಾಯವನ್ನು ಶುಚಿ ಮಾಡಿ, ನೋಡಲು ಬಂದವರಿಗೆ ಕಾಣದಂತೆ ಬಟ್ಟೆ ಸುತ್ತುವುದು ನಾವು ಕಲಿತ ಪಾಠ. ಅಲ್ಲಿ, ಎಲ್ಲ ಮಹಿಮೆಯ ನಟ್ಟನಡುವೆ, ಗಾಯಕ್ಕೆ ಬಟ್ಟೆಯಿಲ್ಲ. ಅದು ವಾಸಿಯಾಗಲಿಲ್ಲವೆಂದಲ್ಲ, ಅದಕ್ಕೆ ನಾಚಬೇಕಾದ್ದಿಲ್ಲವೆಂದು. ಆತನ ಯೋಗ್ಯತೆ ಅದರಲ್ಲಿಯೇ ಇದೆಯೆಂದು ಪರಲೋಕವೆಲ್ಲ ಹಾಡುತ್ತದೆ.

ಈ ಅಧ್ಯಾಯವನ್ನು ಇಪ್ಪತ್ತಾರು ವರ್ಷ ಸಭೆಯ ಮುಂದೆ ಓದಿದವರು ಎಸ್ತರಮ್ಮನ ಗಂಡ, ಸಾಮುವೇಲ ಮೇಸ್ತ್ರಿ. ತೋಟಗಳಲ್ಲಿ ಆಳುಗಳಿಂದ ಕೆಲಸ ಮಾಡಿಸುವ ಮೇಸ್ತ್ರಿಯ ಮಾತು ಗುಡ್ಡದ ಆ ಬದಿಯವರಿಗೆ ತಲುಪಬೇಕಾದರೆ ಮೊದಲ ಸಾಲಿನವರು ಎರಡನೇ ಸಾಲಿಗೆ, ಅವರು ಮೂರನೆಯದಕ್ಕೆ ಹೇಳುತ್ತ ಹೋಗುತ್ತಾರೆ. ‘ದಾಟ್ಸು’ ಎನ್ನುತ್ತಾರೆ ಅದಕ್ಕೆ. ಸಾಮುವೇಲರಿಗೆ ಅದು ಬೇಕಿರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಮುಂದೆ ನಿಂತು “ಸಾಕು, ಇಳೀರಿ” ಎಂದರೆ ಎರಡು ಗುಡ್ಡದಾಚೆಯ ಪಕ್ಕದ ತೋಟದವರೂ ಚೀಲ ಕಟ್ಟುತ್ತಿದ್ದರು ಎಂದು ಜನ ನಗುತ್ತಿದ್ದರು. ಯಾರು ಯೋಗ್ಯರು ಎಂಬ ಪ್ರಶ್ನೆಯನ್ನು ಅವರು ಓದಿದಾಗ ಕಿಟಕಿಯ ಗಾಜು ಗುಂಯ್ ಎನ್ನುತ್ತಿತ್ತು.

ಆ ವರ್ಷ ಜೂನ್ ಮೊದಲ ವಾರದಲ್ಲಿ ಅವರ ದನಿ ಒಡೆಯಿತು. ಶೀತ ಎಂದರು. ಮೂರು ವಾರ ಶೀತ ಇರುವುದಿಲ್ಲ ಎಂದು ನಾನೇ ಚೀಟಿ ಬರೆದು ಮೈಸೂರಿಗೆ ಕಳಿಸಿದೆ. ಗಂಟಲಲ್ಲಿ ಗಡ್ಡೆ. ಒಂದು ಕಡೆಯ ಸ್ವರತಂತುವನ್ನು ತೆಗೆದರು. ಜುಲೈಯಲ್ಲಿ ಊರಿಗೆ ಬಂದಾಗ ಮಳೆ ಎಡೆಬಿಡದೆ ಸುರಿಯುತ್ತಿತ್ತು. ದಿನವೂ ಬೆಳಿಗ್ಗೆ ಹತ್ತಕ್ಕೆ ನನ್ನ ಮನೆಯ ಜಗಲಿಗೆ ಬಂದು, ಕಂದು ಮಫ್ಲರ್ ಬಿಚ್ಚಿ, ಕತ್ತು ಒಡ್ಡಿ ಕೂರುತ್ತಿದ್ದರು. ಒಂದು ದಿನವೂ ಹತ್ತೂ ಐದಾಗಲಿಲ್ಲ. ನಾನು ಕಂಡ ರೋಗಿಗಳಲ್ಲಿ ಅಷ್ಟು ಶಿಸ್ತಿನವರು ಕಡಿಮೆ. ಗಾಯ ಚೆನ್ನಾಗಿ ಕೂಡಿಕೊಂಡಿತು. ಮಾತಿನ ಆಕಾರ ಉಳಿದಿತ್ತು, ಉಸಿರೂ ಇತ್ತು, ದನಿ ಮಾತ್ರ ಇರಲಿಲ್ಲ. ಕಿವಿ ಹತ್ತಿರ ತಂದರೆ ಎಲ್ಲವೂ ಸ್ಪಷ್ಟ. ನಾಲ್ಕು ಅಡಿ ದೂರ ನಿಂತರೆ ಏನೂ ಇಲ್ಲ.

ತೋಟದ ಸಾವುಕಾರರು ಬೋಪಯ್ಯನವರು ಒಳ್ಳೆಯವರು. ಕೆಲಸ ಬಿಡಿಸದೆ, ಸಾಮುವೇಲರನ್ನು ಕಾಫಿ ಒಣಗಿಸುವ ಕಣಕ್ಕೆ ಹಾಕಿದರು. ಈಗ ಅವರ ಮಾತನ್ನೂ ಪಕ್ಕದವರು ದಾಟಿಸಬೇಕಾಯಿತು.

ಸೆಪ್ಟೆಂಬರಿನಲ್ಲಿ ಒಂದು ದಿನ ಮಫ್ಲರ್ ಸುತ್ತಿಕೊಳ್ಳುತ್ತ ಅವರು ನನ್ನತ್ತ ಬಾಗಿ ಪಿಸುಗುಟ್ಟಿದರು. “ನವೆಂಬರ್‌ದು ನಾನೇ ಓದ್ತೀನಿ ಸಿಸ್ಟರಮ್ಮ.”

“ನೋಡೋಣ ಸಾಮುವೇಲ್,” ಎಂದೆ. ವಾರ್ಡಿನಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ. ಎರಡು ತಿಂಗಳಿಂದ ನನ್ನ ಕೈಯಲ್ಲಿದ್ದವರಿಗೆ ಅದು ತಿಳಿಯದೆ ಇರಲಿಲ್ಲ.

ಅಕ್ಟೋಬರಿನಲ್ಲಿ ಮೈಕ್ ತರಿಸಿ ಪರೀಕ್ಷೆ ಮಾಡಿದೆವು. ಮಾತಿಗಿಂತ ಉಸಿರೇ ದೊಡ್ಡದಾಗಿ ಪೆಟ್ಟಿಗೆಯಿಂದ ಬುಸುಬುಸು ಬಂತು. “ಪಲ್ಪರ್ ಬೆಲ್ಟ್ ಕಡಿದಂಗೆ ಐತೆ,” ಎಂದರು ಎಸ್ತರಮ್ಮ. ಎಲ್ಲರೂ ನಕ್ಕರು, ಸಾಮುವೇಲರೂ ನಕ್ಕರು. ನಗು ನಿಂತ ಮೇಲೆ ನಾನು ಹಿರಿಯರ ಸಭೆ ಕರೆದು ನಿರ್ಧಾರ ಹೇಳಿದೆ. ಓದುವವರಿಗೆ ಅದಕ್ಕೆ ತಕ್ಕ ಯೋಗ್ಯತೆ ಇರಬೇಕು, ಕೊನೆಯ ಬೆಂಚಿನವರಿಗೆ ಕೇಳಿಸಬೇಕು. ಈ ವರ್ಷ ಎರಡೂ ಅಧ್ಯಾಯಗಳನ್ನು ಲಿಲ್ಲಿ ಓದುತ್ತಾಳೆ. ಲಿಲ್ಲಿ ಪೊನ್ನಂಪೇಟೆಯಲ್ಲಿ ಶಾಲೆಯ ಟೀಚರ್, ಇದೇ ಲೈನ್ ಮನೆಯಲ್ಲಿ ನನ್ನ ಕೈಯಲ್ಲೇ ಹುಟ್ಟಿದವಳು. ಒಳ್ಳೆಯ ದನಿ, ತಪ್ಪಿಲ್ಲದ ಓದು.

ಎಲ್ಲರೂ ಹೋದ ಮೇಲೆ ಸಾಮುವೇಲರು ನನ್ನ ಪಕ್ಕಕ್ಕೆ ಬಂದು ಕೂತರು.

“ನಾಲ್ಕನೇ ವಚನ ಒಂದು ನನಗೆ ಬಿಡಿ. ಯೋಹಾನ ಅಳೋದು. ಅಳೋಕೆ ದನಿ ಬೇಡ.”

“ಒಂದು ಅಧ್ಯಾಯಕ್ಕೆ ಒಬ್ಬರೇ ಓದಬೇಕು ಸಾಮುವೇಲ್. ನಡುವೆ ಎದ್ದು ಕೂತು ಮಾಡಿದರೆ ಕ್ರಮ ಕೆಡುತ್ತೆ.”

ತಲೆಯಾಡಿಸಿ ಎದ್ದುಹೋದರು. ಮುಂದಿನ ಭಾನುವಾರದಿಂದ ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಕೂರತೊಡಗಿದರು. ಎಸ್ತರಮ್ಮ ಒಂದು ಸಂಜೆ ನನ್ನ ಮನೆಗೆ ಬಂದರು, ಕೂರಲಿಲ್ಲ.

“ಮನೇಲಿ ಪುಸ್ತಕ ಮುಟ್ತಾ ಇಲ್ಲ ಸಿಸ್ಟರಮ್ಮ. ಮೊದಲು ರಾತ್ರಿ ಊಟಕ್ಕೆ ಮುಂಚೆ ಓದೋರು, ಪಿಸುಪಿಸು ಆದ್ರೂ ಓದೋರು. ಈಗ ಅದೂ ಇಲ್ಲ. ಆಸ್ಪತ್ರೇಲಿ ಹೋಗಿದ್ದು ಬರೀ ಗಂಟಲು. ಉಳಿದಿದ್ದು ನಿಮ್ಮ ಮೀಟಿಂಗಲ್ಲಿ ಹೋಯ್ತು.”

ಉತ್ತರ ಕೊಡಲು ನನಗೆ ಬಹಳ ಕಾರಣಗಳಿದ್ದವು. ಪಟ್ಟಿಯನ್ನು ಬದಲಾಯಿಸಲಿಲ್ಲ.

ಸಭಾವರ್ಷದ ಕೊನೆಯ ಆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಆರಾಧನೆ ಶುರುವಾಯಿತು. ಎರಡು ದಿನದಿಂದ ಮೋಡವಿತ್ತು. ನವೆಂಬರಿನಲ್ಲಿ ಮಳೆ ಬರಬಾರದು, ಆದರೆ ಈಚೆಗೆ ಯಾವ ತಿಂಗಳೂ ಮಾತು ಉಳಿಸಿಕೊಳ್ಳುತ್ತಿಲ್ಲ. ಲಿಲ್ಲಿ ನಾಲ್ಕನೇ ಅಧ್ಯಾಯವನ್ನು ಚೆನ್ನಾಗಿ ಓದಿದಳು. ಕಿರೀಟಗಳ ಮಾತು ಬಂದಾಗ ಬೆಂಚುಗಳು ಕದಲಿದವು. ಒಬ್ಬೊಬ್ಬರಾಗಿ ಬಂದು ಟವೆಲುಗಳನ್ನು ಪೀಠದ ಮುಂದೆ ಇಟ್ಟರು. ಕೆಂಪು, ನೀಲಿ, ಚೌಕುಳಿ, ಹಳೆಯ ಸೀರೆಯ ತುಂಡು. ಕೊನೆಗೆ ಸಾಮುವೇಲರು ಬಂದರು. ತಲೆಗೆ ಕಟ್ಟುವ ಕೆಲಸ ಈಗ ಅವರಿಗಿರಲಿಲ್ಲ, ಟವೆಲೂ ಇರಲಿಲ್ಲ. ಕತ್ತಿನ ಮಫ್ಲರನ್ನು ಬಿಚ್ಚಿ ಇಟ್ಟರು. ಆಪರೇಷನ್ ಆದ ಮೇಲೆ ಜನರ ನಡುವೆ ಅವರು ಅದನ್ನು ಬಿಚ್ಚಿದ್ದು ಅದೇ ಮೊದಲು. ಥಂಡಿ ತಾಗುತ್ತದೆಂದು ತಡೆಯಲು ಎತ್ತಿದ ಕೈಯನ್ನು ಇಳಿಸಿದೆ.

ಲಿಲ್ಲಿ ಐದನೇ ಅಧ್ಯಾಯ ತೆಗೆದಳು. ಸುರುಳಿ, ಏಳು ಮುದ್ರೆ, ದೂತನ ಕೂಗು. ಯಾರೂ ಸಿಗಲಿಲ್ಲ ಎನ್ನುವ ಮೂರನೇ ವಚನ ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಕಣದ ಕಡೆಯಿಂದ ಢಣಢಣ ಸದ್ದು ಬಂತು. ಅಲ್ಲಿ ತೂಗುಹಾಕಿದ ರೈಲು ಕಂಬಿಯ ತುಂಡನ್ನು ಬಿಡದೆ ಹೊಡೆದರೆ ಮಳೆ ಬಂತೆಂದು ಅರ್ಥ. ಕಣದ ತುಂಬ ಅರ್ಧ ಒಣಗಿದ ಕಾಫಿ ಹರಡಿತ್ತು. ಅದು ನೆಂದರೆ ಆ ವರ್ಷದ ಮೊದಲ ಕೊಯ್ಲು ಹೋದಂತೆ. ಆ ಸದ್ದಿಗೆ ಊಟದಿಂದ, ಸ್ನಾನದಿಂದ, ಪ್ರಾರ್ಥನೆಯಿಂದ ಎದ್ದು ಓಡುವುದು ಇಲ್ಲಿ ಎಲ್ಲ ಜಾತಿಯವರಿಗೂ ಒಂದೇ ಕಟ್ಟಳೆ. ಭಾನುವಾರವಾದ್ದರಿಂದ ಕಣದಲ್ಲಿದ್ದವರು ಕಾವಲಿನ ಮೂಸಾಕ ಮತ್ತು ಬುಡಕಟ್ಟಿನವರ ಹಾಡಿಯ ಇಬ್ಬರು ಹೆಂಗಸರು ಅಷ್ಟೇ.

ಅರ್ಧ ನಿಮಿಷದಲ್ಲಿ ಬೆಂಚುಗಳು ಖಾಲಿ. ನಾನೂ ಓಡಿದೆ. ಎಪ್ಪತ್ತೆರಡು ವರ್ಷಕ್ಕೆ ಎಷ್ಟು ಸಾಧ್ಯವೋ ಅಷ್ಟು. ಕೆಲವರು ಹಲಗೆಯಿಂದ ಕಾಫಿಯನ್ನು ಎಳೆದು ಗುಡ್ಡೆ ಮಾಡಿದರು, ಕೆಲವರು ಟಾರ್ಪಾಲು ಬಿಡಿಸಿದರು. ನಾನು ಒಂದು ಮೂಲೆಯನ್ನು ಹಿಡಿದು, ಅದರ ಮೇಲೆ ಕಲ್ಲು ಬರುವವರೆಗೆ ನಿಂತೆ. ಕೊನೆಯ ಗುಡ್ಡೆ ಮುಚ್ಚುವುದಕ್ಕೂ ಮಳೆ ಜಡಿಯುವುದಕ್ಕೂ ಸರಿಹೋಯಿತು. ಎಲ್ಲರೂ ಪಲ್ಪರ್ ಮನೆಯ ಜಿಂಕ್ ಶೀಟಿನ ಕೆಳಗೆ ಸೇರಿದೆವು.

ಬಂಗಲೆಯಿಂದ ಜೀಪಿನಲ್ಲಿ ಬಂದ ಬೋಪಯ್ಯನವರು ತೊಟ್ಟಿಕ್ಕುವ ತಲೆಗಳನ್ನು ನೋಡಿದರು. “ಏನಿದು, ಎಲ್ಲಾ ಬರೀ ತಲೇಲಿ ಬಂದಿದ್ದೀರಿ? ತಲೆಗೆ ಕಟ್ಟೋದು ಎಲ್ಲಿ?”

“ಕಿರೀಟ ದೇವ್ರ ಮುಂದೆ ಇಟ್ಟಾಯ್ತು ಸಾವುಕಾರ್ರೆ,” ಎಂದರು ಎಸ್ತರಮ್ಮ. “ಕೊಟ್ಟಿದ್ದನ್ನ ಮಳೆ ಬಂತು ಅಂತ ವಾಪಸ್ ಎತ್ಕೊಂಡು ಬರೋಕಾಗುತ್ತಾ?”

ಸಾಮುವೇಲರು ಕಾಣುತ್ತಿಲ್ಲ ಎಂದು ನನಗೆ ಹೊಳೆಯುವ ಹೊತ್ತಿಗೆ ಅವರು ಕಾಫಿ ಗಿಡಗಳ ನಡುವಿನ ದಾರಿಯಲ್ಲಿ ನಿಧಾನವಾಗಿ ಬರುತ್ತಿದ್ದರು. ಓಡಬಾರದು, ಭಾರ ಎತ್ತಬಾರದು ಎಂದು ಹೇಳಿದ್ದವಳು ನಾನೇ. ಓಡಿರಲಿಲ್ಲ. ದೊಡ್ಡ ಸತ್ಯವೇದವನ್ನು ಮಾತ್ರ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದರು. ಒಳಗೆ ಬಂದು ಗೋಣಿಚೀಲಗಳ ರಾಶಿಯ ಮೇಲೆ ಇಟ್ಟು ಬಿಡಿಸಿದರು. ಆ ಚೀಲಗಳಿಗೆ ಸಿಪ್ಪೆಯ ರಸ ಹತ್ತಿತ್ತು. ಯಾರೂ ಅದನ್ನು ಗಮನಿಸಲಿಲ್ಲ.

“ಅಳ್ತಾ ಇದ್ದವನನ್ನ ಹಾಗೇ ಬಿಟ್ಟು ಬಂದ್ರಲ್ಲ,” ಎಂದು ಪಿಸುಗುಟ್ಟಿ ಪುಸ್ತಕವನ್ನು ಲಿಲ್ಲಿಯ ಕಡೆ ತಿರುಗಿಸಿದರು.

ಲಿಲ್ಲಿ ಕೈ ಹಿಂದಕ್ಕೆ ಕಟ್ಟಿದಳು. “ನಾನು ಅಲ್ಲೀವರೆಗೆ ಓದಿಲ್ಲ ಮಾಮ. ಮೂರಕ್ಕೇ ನಿಂತೆ. ನಾಲ್ಕು ನಿಮ್ದು.”

ಅವರು ನನ್ನನ್ನು ನೋಡಿದರು. ನಾನು ಬೇಡ ಎನ್ನಲಿಲ್ಲ. ಆಗ ಅವರು ನಾಲ್ಕನೇ ವಚನ ಓದಿದರು. ಶೀಟಿನ ಮೇಲೆ ಮಳೆ ಕಲ್ಲು ಸುರಿದಂತೆ ಬೀಳುತ್ತಿತ್ತು. ಎದುರಿಗಿದ್ದ ನಾಲ್ಕೈದು ಜನಕ್ಕೆ ಬಿಟ್ಟು ಯಾರಿಗೂ ಕೇಳಲಿಲ್ಲ. “ಏನಂತೆ?” ಎಂದರು ಹಿಂದಿನವರು. ಎಸ್ತರಮ್ಮ ತಿರುಗಿ, ಕೊಯ್ಲಿನ ಸಾಲಿನಲ್ಲಿ ನಿಂತ ಹಾಗೆ, ಅದನ್ನು ತಮಿಳಿನಲ್ಲಿ ಹೇಳಿಬಿಟ್ಟರು. ಅವರ ಹಿಂದಿದ್ದವರು ಅದನ್ನು ತಮ್ಮ ಹಿಂದಿನವರಿಗೆ ದಾಟಿಸಿದರು.

ಸಾಮುವೇಲರು ಬೆರಳನ್ನು ಸಾಲಿನ ಕೊನೆಯಲ್ಲಿ ಇಟ್ಟು ನಿಂತರು. ಅವರು ಕೇಳಿದ್ದು ಆ ಒಂದು ವಚನ. ಅದು ಮುಗಿದಿತ್ತು. ಕತ್ತಿನ ಮೇಲಿನ ಹೊಲಿಗೆಯ ಗೆರೆ ಎಲ್ಲರಿಗೂ ಕಾಣುತ್ತಿತ್ತು. ನಾನು ಎಷ್ಟೋ ಬೆಳಿಗ್ಗೆ ತೊಳೆದು ಮುಚ್ಚಿ ಕಳಿಸಿದ ಗೆರೆ.

“ಮುಂದಿನದು ಓದಿ ಸಾಮುವೇಲ್,” ಎಂದೆ. “ಅಳಬೇಡ ಅನ್ನೋದನ್ನೂ ನೀವೇ ಹೇಳಬೇಕು.”

ಅವರು ಓದಿದರು. ಈ ಸಲ ಯಾರೂ ಕೇಳುವವರೆಗೆ ಕಾಯಲಿಲ್ಲ. “ಅಳಾದೆ,” ಎಂದು ಎಸ್ತರಮ್ಮನ ಬದಿಯಿಂದ ಹೊರಟಿತು. ಬೋಪಯ್ಯನವರು ತಮ್ಮ ಜೀಪಿನ ಡ್ರೈವರಿಗೆ ಕೊಡವ ಭಾಷೆಯಲ್ಲಿ ಹೇಳಿದರು. ಅರೆಭಾಷೆಯ ಮನೆಯವರು ತಮ್ಮ ಅಜ್ಜಿಯ ಕಿವಿಗೆ ಅವಳ ಮಾತಿನಲ್ಲಿ ಹೇಳಿದರು. ನನ್ನ ಹಿಂದೆ ಮೂಸಾಕ ನಿಂತಿದ್ದರು.

“ಇದು ದಾಟ್ಸೋದಾ ಸಿಸ್ಟರೇ?”

“ದಾಟಿಸಿ,” ಎಂದೆ. ನನಗೆ ಬರುವ ಅಲ್ಪಸ್ವಲ್ಪ ಮಲಯಾಳದಲ್ಲಿ ನಾನೇ ಹೇಳಿಕೊಟ್ಟೆ. “ಕರ‍ಯಂಡ.” ಅವರು ಕಂಬದ ಬಳಿ ಕೂತಿದ್ದ ಹಾಡಿಯ ಹೆಂಗಸರಿಗೆ ಅದನ್ನು ಅವರ ಭಾಷೆಯಲ್ಲಿ ತಲುಪಿಸಿದರು. ಅವರಲ್ಲಿ ಒಬ್ಬಳು ಮಳೆಯನ್ನು ನೋಡುವುದು ಬಿಟ್ಟು ಇತ್ತ ತಿರುಗಿದಳು.

ಹೀಗೆ ಅಧ್ಯಾಯ ಸಾಗಿತು. ಒಂದು ವಚನ ಒಳಗಿನ ಸುತ್ತಿನಿಂದ ಹೊರಟು ಕೊನೆಯವರನ್ನು ಮುಟ್ಟಿದ ಮೇಲೆ ಮುಂದಿನದು. ಸಿಂಹವೆಂದು ಕೇಳಿ ಕುರಿಮರಿಯನ್ನು ಕಂಡದ್ದು. ಆತ ತನ್ನ ರಕ್ತದಿಂದ ಎಲ್ಲ ಕುಲ, ಎಲ್ಲ ಭಾಷೆ, ಎಲ್ಲ ಜನದೊಳಗಿಂದ ಮನುಷ್ಯರನ್ನು ಕೊಂಡುಕೊಂಡದ್ದು. ಆತನೊಬ್ಬನೇ ಯೋಗ್ಯನು. ಮಫ್ಲರಿಲ್ಲದ ಕತ್ತಿನ ಆ ಮನುಷ್ಯ ಪ್ರತಿ ಸಲ ಆ ಶಬ್ದಕ್ಕೆ ಬಂದಾಗ ಅದು ಐದಾರು ಭಾಷೆಗಳಲ್ಲಿ, ಜಿಂಕ್ ಶೀಟಿನ ಅಂಚಿನವರೆಗೂ ಹೋಗಿ ನಿಲ್ಲುತ್ತಿತ್ತು. ಐವತ್ತು ವರ್ಷ ಈ ಅಧ್ಯಾಯವನ್ನು ಓದಿದವಳು ನಾನು. ಅಲ್ಲಿನ ಹಾಡು ಹೀಗೆಯೇ ಹರಡುತ್ತದೆ, ಸಿಂಹಾಸನದ ಸುತ್ತಲಿನವರಿಂದ ದೂತರಿಗೆ, ದೂತರಿಂದ ನೆಲಕ್ಕೆ, ಕಡಲಿಗೆ ಎಂಬುದನ್ನು ಅಲ್ಲಿ ನಿಂತೇ ಮೊದಲು ಅರ್ಥ ಮಾಡಿಕೊಂಡೆ. ಬೆಂಚುಗಳಲ್ಲಿ ನಾನು ಸಾಲಾಗಿ ಕೂರಿಸುತ್ತಿದ್ದವರು ಈಗ ದುಂಡಗೆ ನಿಂತಿದ್ದರು. ಕ್ರಿಸ್ತನ ಮುಂದೆ ಯೋಗ್ಯರ ಪಟ್ಟಿ ಮಾಡಲು ಹೊರಟವಳಿಗೆ ಆ ಪಟ್ಟಿಯಲ್ಲಿ ಒಂದೇ ಹೆಸರಿದೆಯೆಂದು ದನಿಯಿಲ್ಲದವರು ಓದಿ ಹೇಳಿದರು.

ಕೊನೆಯ ವಚನದಲ್ಲಿ ಜೀವಿಗಳು ಆಮೆನ್ ಎನ್ನುತ್ತವೆ. ಅದು ಹೊರಗೆ ಹೋಯಿತು. ಯಾರೂ ಹೇಳಿಕೊಡದೆ ಮತ್ತೆ ಒಳಗೆ ಬಂತು. ಮೂಸಾಕ ಅದನ್ನು ತಮ್ಮ ರೀತಿಯಲ್ಲಿ “ಆಮೀನ್” ಎಂದರು. ಸಾಮುವೇಲರು ಪುಸ್ತಕ ಮುಚ್ಚಿದರು. ಮಳೆ ಇನ್ನೂ ಇತ್ತು.

“ಮುಂದಿನ ವರ್ಷ ಮೈಕ್ ಬೇಡ ಬಿಡಿ,” ಎಂದರು ಎಸ್ತರಮ್ಮ.

ಮಧ್ಯಾಹ್ನ ಹನ್ನೆರಡಕ್ಕೆ ಮಳೆ ನಿಂತು ಎಲ್ಲರೂ ಕಣದಿಂದ ನೇರ ಮನೆಗಳಿಗೆ ಹೋದರು. ಸಂಜೆ ನಾಲ್ಕಕ್ಕೆ ನಾನು ಒಬ್ಬಳೇ ದೇವಾಲಯಕ್ಕೆ ಬಂದೆ. ನೆಂದ ಪುಟಗಳ ನಡುವೆ ಹಳೆಯ ಪತ್ರಿಕೆಯ ಹಾಳೆ ಇಟ್ಟು ಪುಸ್ತಕವನ್ನು ಬೀರುವಿನಲ್ಲಿ ನಿಲ್ಲಿಸಿದೆ. ಬೆಂಚುಗಳನ್ನು ಸರಿಮಾಡಿ ಕೆಸರು ಒರೆಸಿದೆ. ಆರಾಧನೆಯ ಪುಸ್ತಕದಲ್ಲಿ ಐದನೇ ಅಧ್ಯಾಯ ಓದಿದವರು ಎಂಬಲ್ಲಿ ಲಿಲ್ಲಿಯ ಹೆಸರು ಮೊದಲೇ ಬರೆದಿಟ್ಟಿದ್ದೆ. ಅದರ ಮುಂದೆ ‘ಮೂರರವರೆಗೆ’ ಎಂದು ಸೇರಿಸಿ, ಕೆಳಗೆ ಸಾಮುವೇಲ ಮೇಸ್ತ್ರಿ ಎಂದು ಬರೆದೆ. ‘ದಾಟಿಸಿದವರು’ ಎಂಬ ಅಂಕಣ ಆ ಪುಸ್ತಕದಲ್ಲಿ ಇರಲಿಲ್ಲ. ಅಡಿಕೋಲು ಇಟ್ಟು ಹೊಸದಾಗಿ ಗೆರೆ ಎಳೆದೆ. ಹೆಸರುಗಳು ಮುಂದಿನ ಪುಟಕ್ಕೂ ಹೋದವು.

ಟವೆಲುಗಳೂ ಕಂದು ಮಫ್ಲರೂ ಪೀಠದ ಮುಂದೆ ಬಿದ್ದಲ್ಲಿಯೇ ಇದ್ದವು. ಮಡಿಸಲು ಬಗ್ಗಿದವಳು ಕೈ ಹಿಂದೆಗೆದೆ. ಕಿಟಕಿಗಳನ್ನು ಹಾಕಿ, ದೀಪ ಆರಿಸಿ, ಐದೂ ಕಾಲಿಗೆ ಬಾಗಿಲಿಗೆ ಬೀಗ ಹಾಕಿದೆ.